ಶೀಟು ಇಳಿಸುವ ಮುನ್ನ: ಕಲ್ನಾರಿನ ಧೂಳು ಮತ್ತು ನಿಮ್ಮ ತಂದೆಯವರ ಏದುಸಿರು

ಪ್ರಶ್ನೆ: ಕಾಮಾಕ್ಷಿಪಾಳ್ಯದಲ್ಲಿ ನಮ್ಮದೊಂದು ಸ್ವಂತ ಮನೆ ಇದೆ. 1994ರಲ್ಲಿ ತಾರಸಿ ಮೇಲೆ ಸಿಮೆಂಟ್ ಶೀಟು ಹೊದಿಸಿ ಎರಡು ರೂಮು ಮಾಡಿದ್ದೆವು. ಮದುವೆಯಾಗುವ ತನಕ ನಾನು, ತಮ್ಮ ಅಲ್ಲೇ ಮಲಗುತ್ತಿದ್ದೆವು. ಆಮೇಲೆ ಬಾಡಿಗೆಗೆ ಕೊಟ್ಟೆವು. ಈಗ ಶೀಟು ತೆಗೆಸಿ ಮೋಲ್ಡ್ ಹಾಕಿಸಬೇಕು. ಮೇಸ್ತ್ರಿ, "ಕಟರ್‌ನಲ್ಲಿ ಕೊಯ್ದು ಒಂದೇ ದಿನಕ್ಕೆ ಇಳಿಸ್ಬಿಡ್ತೀನಿ ಸಾರ್, ಚೂರನ್ನೆಲ್ಲ ಮುಂದಿನ ಗುಂಡಿಗೆ ಹಾಕಿ ಮಣ್ಣು ಮುಚ್ಚೋಣ" ಅನ್ನುತ್ತಾರೆ. ಕಾಲೇಜಿಗೆ ಹೋಗುವ ಮಗಳು, ಆಸ್ಬೆಸ್ಟಾಸ್‌ನಿಂದ ಕ್ಯಾನ್ಸರ್ ಬರುತ್ತೆ, ಮುಟ್ಟಲೇಬೇಡಿ ಅಂತ ಜಗಳಕ್ಕೆ ನಿಂತಿದ್ದಾಳೆ. ಇನ್ನೊಂದು ವಿಷಯ. ನಮ್ಮ ತಂದೆ 22 ವರ್ಷ ಬ್ರೇಕ್ ಲೈನರ್ (ಗಾಡಿಯ ಬ್ರೇಕ್ ಶೂ ಮೇಲೆ ಕೂರುವ ಪಟ್ಟಿ) ಹೊಡೆಯುವ ಅಂಗಡಿಯಲ್ಲಿ ಕೆಲಸ ಮಾಡಿದವರು. ಈಗ 71 ವರ್ಷ. ಒಂದು ಮಹಡಿ ಹತ್ತಿದರೆ ಏದುಸಿರು, ಜೊತೆಗೆ ಒಣಕೆಮ್ಮು. ಹಿಂದೆ ಒಮ್ಮೆ ಟಿಬಿ ಇರಬಹುದು ಅಂತ ಆರು ತಿಂಗಳು ಮಾತ್ರೆ ಕೊಟ್ಟಿದ್ದರು, ಗುಣ ಕಾಣಲಿಲ್ಲ. ಆ ಕೆಲಸಕ್ಕೂ ಇದಕ್ಕೂ ಸಂಬಂಧ ಇದೆಯೇ? ಅಷ್ಟು ಅಪಾಯ ಅನ್ನುವುದಾದರೆ ಮೊದಲೇ ಯಾಕೆ ಯಾರೂ ಹೇಳಲಿಲ್ಲ? ಈಗಲೂ ಅಂಗಡಿಯಲ್ಲಿ ಯಾಕೆ ಸಿಗುತ್ತದೆ?

ಉತ್ತರ: ಮೊದಲು ಮೇಸ್ತ್ರಿಗೆ ಫೋನ್ ಮಾಡಿ, ಕಟರ್ ತರುವುದು ಬೇಡ ಅನ್ನಿ. ಮಿಕ್ಕದ್ದನ್ನು ಆಮೇಲೆ ಓದಿದರೂ ಆಗುತ್ತದೆ.

ನಿಮ್ಮ ಪತ್ರ ಓದಿ ನನಗೆ ಭಯವಾದದ್ದು ನೀವು ಆ ಶೀಟಿನ ಕೆಳಗೆ ವರ್ಷಗಟ್ಟಲೆ ಮಲಗಿದ್ದಕ್ಕಲ್ಲ, ಮೇಸ್ತ್ರಿ ಹೇಳಿದ ಆ ಒಂದು ದಿನದ ಕೆಲಸಕ್ಕೆ. ಒಡೆಯದೆ, ಪುಡಿಯುದುರದೆ ಕೂತಿರುವ ಶೀಟಿನಿಂದ ಗಾಳಿಗೆ ಸೇರುವ ಆಸ್ಬೆಸ್ಟಾಸ್ ಎಳೆ ಬಹಳ ಕಡಿಮೆ. ಅದೇ ಶೀಟು ಒಣಗಿರುವಾಗ ಕಟರ್ ಚಕ್ರ ತಾಗಿಸಿದರೆ ಬಿಳಿ ಹೊಗೆಯಂತೆ ಧೂಳು ಏಳುತ್ತದೆ. ಕೊಯ್ಯುವವನ ಮೂಗು ಆ ಧೂಳಿನಿಂದ ಒಂದು ಮೊಳ ದೂರದಲ್ಲಿರುತ್ತದೆ. ಬಗ್ಗಿ ಹಿಡಿದುಕೊಳ್ಳುವ ಹುಡುಗನ ಮೂಗು ಇನ್ನೂ ಹತ್ತಿರ. ಪಕ್ಕದ ಮನೆಯ ತಾರಸಿಯಲ್ಲಿ ಒಣಹಾಕಿದ ಬಟ್ಟೆಗೂ ಅದು ಹೋಗಿ ಕೂರುತ್ತದೆ. ನಿಮ್ಮ ಮಗಳ ಮಾತು ಸರಿ. ಆದರೆ ಅವಳು ಹೇಳುವ ಅಪಾಯ ಹೆಚ್ಚಾಗಿ ಇರುವುದು ಶೀಟನ್ನು ಕೊಯ್ಯುವ, ಒಡೆಯುವ, ಉಜ್ಜುವ ಹೊತ್ತಿನಲ್ಲಿ.

ಆಸ್ಬೆಸ್ಟಾಸ್‌ಗೆ ಕನ್ನಡದಲ್ಲಿ ಕಲ್ನಾರು ಅನ್ನುವ ಹೆಸರಿದೆ. ಅದಕ್ಕಿಂತ ಒಪ್ಪುವ ಹೆಸರು ಬೇರೆ ಭಾಷೆಯಲ್ಲಿ ನನಗೆ ಕಂಡಿಲ್ಲ. ಇದು ಕಾರ್ಖಾನೆಯಲ್ಲಿ ಹುಟ್ಟಿದ ರಾಸಾಯನಿಕವಲ್ಲ, ನೆಲದಿಂದ ಅಗೆದ ಕಲ್ಲು. ನಮ್ಮ ಹಾಸನ, ಮಂಡ್ಯ, ಮೈಸೂರು ಕಡೆಯ ಬಂಡೆಗಳಲ್ಲೂ ಅದರ ನಿಕ್ಷೇಪ ಇದೆ. ಕಲ್ಲಾದರೂ ಬೆರಳಲ್ಲಿ ಉಜ್ಜಿದರೆ ನಾರಾಗಿ ಬಿಡಿಸಿಕೊಳ್ಳುತ್ತದೆ, ನೂಲಬಹುದು, ನೇಯಬಹುದು. ಬೆಂಕಿಗೆ ಸುಡುವುದಿಲ್ಲ, ನೀರಿಗೆ ಕೊಳೆಯುವುದಿಲ್ಲ. ಕಲ್ನಾರು ಅನ್ನುವುದು ಒಂದೇ ಖನಿಜದ ಹೆಸರಲ್ಲ, ಆರು ಖನಿಜಗಳ ಗುಂಪಿನ ಹೆಸರು. ವ್ಯಾಪಾರದಲ್ಲಿ ಮುಖ್ಯವಾದವು ಮೂರು: ಬಿಳಿ, ನೀಲಿ, ಕಂದು. ಬಿಳಿಯದಕ್ಕೆ ಕ್ರೈಸೊಟೈಲ್ ಅನ್ನುತ್ತಾರೆ. ಅದರ ಎಳೆ ಗುಂಗುರು ಕೂದಲಿನ ಹಾಗೆ ಬಾಗುತ್ತದೆ. ನೀಲಿ, ಕಂದು ಬಗೆಗಳ ಎಳೆ ಸೂಜಿಯಂತೆ ನೆಟ್ಟಗಿರುತ್ತದೆ. ಇಂದು ನಮ್ಮಲ್ಲಿ ಶೀಟಿಗೆ ಹಾಕುವುದು ಬಿಳಿಯದನ್ನು.

ಶೀಟು ಮಾಡುವ ವಿಧಾನ 1900ರ ಹೊತ್ತಿಗೆ ಆಸ್ಟ್ರಿಯಾದ ಲುಡ್ವಿಗ್ ಹಾಟ್ಶೆಕ್ ಕಂಡುಕೊಂಡದ್ದು. ಕಾಗದ ಮಾಡುವ ಯಂತ್ರದ ಉಪಾಯವನ್ನೇ ಅವನು ಸಿಮೆಂಟಿಗೆ ಒಗ್ಗಿಸಿದ. ನೀರಿನಲ್ಲಿ ಕಲಸಿದ ಸಿಮೆಂಟು ಮತ್ತು ಕಲ್ನಾರನ್ನು ಜರಡಿಯ ಉರುಳೆ ತೆಳ್ಳಗೆ ಎತ್ತಿಕೊಳ್ಳುತ್ತದೆ. ಹಾಗೆ ಎತ್ತಿದ ಪದರದ ಮೇಲೆ ಪದರ ಕೂಡಿಸಿ, ಒತ್ತಿ, ಅಲೆಯಾಕಾರ ಕೊಡುತ್ತಾರೆ. ತೂಕದಲ್ಲಿ ಕಲ್ನಾರು ನೂರಕ್ಕೆ ಎಂಟರಿಂದ ಹತ್ತು ಭಾಗ, ಉಳಿದದ್ದು ಹೆಚ್ಚಾಗಿ ಸಿಮೆಂಟು ಮತ್ತು ಹಾರುಬೂದಿ. ಹಳೆಯ ಶೀಟಿನ ಒಡೆದ ಅಂಚನ್ನು ಭೂತಗನ್ನಡಿಯಲ್ಲಿ ನೋಡಿದ್ದೇನೆ. ಬೂದು ಪದರಗಳ ಸಂದಿಯಿಂದ ಬಿಳಿ ರೋಮದ ಕುಚ್ಚುಗಳು ಹೊರಗೆ ಚಾಚಿರುತ್ತವೆ, ಹರಿದ ಗೋಣಿಚೀಲದ ಬಾಯಿಯ ಹಾಗೆ. ಕಣ್ಣಿಗೆ ಕಾಣುವ ಆ ಕುಚ್ಚು ಶ್ವಾಸಕೋಶದ ಆಳಕ್ಕೆ ಇಳಿಯುವುದಿಲ್ಲ. ಆದರೆ ಹತ್ತಿಯ ಎಳೆ ಅಡ್ಡಕ್ಕೆ ತುಂಡಾದರೆ ಕಲ್ನಾರಿನ ಎಳೆ ಉದ್ದಕ್ಕೆ ಸೀಳುತ್ತದೆ. ಸೀಳಿದಷ್ಟೂ ತೆಳ್ಳಗಾಗುತ್ತದೆ, ಉದ್ದ ಮಾತ್ರ ಹಾಗೇ ಉಳಿಯುತ್ತದೆ.

ಹೀಗೆ ಸೀಳಿ ಸೀಳಿ ಮೂರು ಮೈಕ್ರಾನ್‌ಗಿಂತ ತೆಳ್ಳಗೆ, ಐದು ಮೈಕ್ರಾನ್‌ಗಿಂತ ಉದ್ದಕ್ಕೆ ಉಳಿದ ಎಳೆಗಳೇ ಅಪಾಯದವು. ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ. ನಮ್ಮ ತಲೆಕೂದಲು ಸುಮಾರು 70 ಮೈಕ್ರಾನ್ ದಪ್ಪ, ಹೋಲಿಸಿಕೊಳ್ಳಿ. ಅಂಥ ಎಳೆ ಗಾಳಿಯಲ್ಲಿ ಗಂಟೆಗಟ್ಟಲೆ ತೇಲುತ್ತದೆ, ಉಸಿರಿನ ಜೊತೆ ಶ್ವಾಸಕೋಶದ ಕೊನೆಯ ಗಾಳಿಚೀಲದವರೆಗೆ ಹೋಗುತ್ತದೆ. ಅಲ್ಲಿ ಕಸ ನುಂಗಿ ಹಾಕುವ ಕಾವಲು ಕೋಶಗಳಿವೆ. ಅವು ಎಳೆಯನ್ನು ನುಂಗಲು ಬರುತ್ತವೆ. ಎಳೆ ಕೋಶಕ್ಕಿಂತ ಉದ್ದವಿದ್ದರೆ ಅರ್ಧ ಒಳಗೆ, ಅರ್ಧ ಹೊರಗೆ ಸಿಕ್ಕಿಕೊಂಡು ಕೋಶವೇ ಸಾಯುತ್ತದೆ. ಸಾಯುವಾಗ ಅದರೊಳಗಿನ ತೀಕ್ಷ್ಣ ವಸ್ತುಗಳು ಸುತ್ತಲೂ ಚೆಲ್ಲಿ ಉರಿಯೂತ ಆಗುತ್ತದೆ. ಎಳೆ ಮಾತ್ರ ಇದ್ದಲ್ಲೇ ಇರುತ್ತದೆ. ಮತ್ತೊಂದು ಕೋಶ ಬರುತ್ತದೆ, ಅದೂ ಸಾಯುತ್ತದೆ. ಇದೇ ಹತ್ತಿಪ್ಪತ್ತು ವರ್ಷ ನಡೆದರೆ ಹೂವಿನ ಹಾಗೆ ಮೃದುವಾಗಿರಬೇಕಾದ ಶ್ವಾಸಕೋಶದಲ್ಲಿ ಗಾಯದ ಕಲೆ ತುಂಬಿಕೊಂಡು ಗಟ್ಟಿಯಾಗುತ್ತದೆ. ಇದೇ ಆಸ್ಬೆಸ್ಟೋಸಿಸ್. ಶ್ವಾಸಕೋಶದ ಕ್ಯಾನ್ಸರ್ ಬರಬಹುದು. ಶ್ವಾಸಕೋಶವನ್ನು ಸುತ್ತಿಕೊಂಡ ಪೊರೆಯಲ್ಲಿ ಹುಟ್ಟುವ ಮೀಸೋಥೀಲಿಯೋಮ ಅನ್ನುವ ಕ್ಯಾನ್ಸರ್ ಧೂಳು ಕುಡಿದ 20ರಿಂದ 50 ವರ್ಷದ ಮೇಲೆ ಬರುತ್ತದೆ. ಗಂಟಲಿನ ಧ್ವನಿಪೆಟ್ಟಿಗೆ ಮತ್ತು ಹೆಂಗಸರ ಅಂಡಾಶಯದ ಕ್ಯಾನ್ಸರಿಗೂ ಕಲ್ನಾರು ಕಾರಣ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಹೇಳಿದೆ. ಬಿಳಿ, ನೀಲಿ, ಕಂದು ಎಲ್ಲವನ್ನೂ ಅದು ಖಚಿತ ಕ್ಯಾನ್ಸರ್‌ಕಾರಕಗಳ ಪಟ್ಟಿಯಲ್ಲೇ ಇಟ್ಟಿದೆ.

ಆ 20, 30, 50 ವರ್ಷದ ಅಂತರವನ್ನು ಸ್ವಲ್ಪ ನೆನಪಿನಲ್ಲಿಡಿ. ಮೊದಲೇ ಯಾಕೆ ಹೇಳಲಿಲ್ಲ ಅಂತ ಕೇಳಿದಿರಲ್ಲ, ಅದರ ಉತ್ತರ ಅಲ್ಲೇ ಅಡಗಿದೆ.

ಹೇಳಿದ್ದರು. ಇಂಗ್ಲೆಂಡಿನಲ್ಲಿ ಕಾರ್ಖಾನೆಗಳ ಮೊದಲ ಮಹಿಳಾ ತನಿಖಾಧಿಕಾರಿಗಳಲ್ಲಿ ಒಬ್ಬರಾದ ಲೂಸಿ ಡೀನ್ 1898ರ ವರದಿಯಲ್ಲೇ ಬರೆದರು: ಕಲ್ನಾರಿನ ಧೂಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಕಣಗಳು ಗಾಜಿನ ಚೂರಿನ ಹಾಗೆ ಚೂಪಾಗಿವೆ, ಕೆಲಸದವರಿಗೆ ಕೆಡುಕಾಗುತ್ತಿದೆ. ಆ ವರದಿ ಸರ್ಕಾರದ ಕಪಾಟು ಸೇರಿತು. ಮರುವರ್ಷ ಲಂಡನ್ನಿನಲ್ಲಿ ಡಾ. ಮಾಂಟೇಗ್ ಮರ್ರೆ ಅವರ ಹತ್ತಿರ ಕಲ್ನಾರು ಕಾರ್ಖಾನೆಯ 33 ವರ್ಷದ ಕೆಲಸಗಾರನೊಬ್ಬ ಬಂದ. ಅವನ ವಿಭಾಗದಲ್ಲಿ ಅವನ ಜೊತೆ ಕೆಲಸ ಮಾಡಿದ ಹತ್ತು ಮಂದಿಯಲ್ಲಿ ಉಳಿದವನು ಅವನೊಬ್ಬನೇ ಆಗಿದ್ದ. ಅವನೂ ತೀರಿಕೊಂಡ.

ನೆಲ್ಲಿ ಕರ್ಷಾ ಅವರ ಕಥೆಯನ್ನು ನಾನು ತರಗತಿಯಲ್ಲಿ ಪ್ರತಿ ವರ್ಷ ಹೇಳುತ್ತೇನೆ. ಇಂಗ್ಲೆಂಡಿನ ರೋಚ್‌ಡೇಲ್ ಊರಿನ ಕಾರ್ಖಾನೆಯಲ್ಲಿ ಕಲ್ನಾರು ನೂಲುತ್ತಿದ್ದ ಹೆಣ್ಣುಮಗಳು. ಉಸಿರು ಕಟ್ಟಿ ಕೆಲಸ ಬಿಟ್ಟರು. ಊರಿನ ಡಾಕ್ಟರು ಕಲ್ನಾರಿನ ವಿಷ ಅಂತ ಬರೆದುಕೊಟ್ಟರು. ಅಂಥ ಕಾಯಿಲೆ ಕಾನೂನಿನ ಪಟ್ಟಿಯಲ್ಲೇ ಇಲ್ಲ ಎಂದು ಕಂಪನಿ ಪರಿಹಾರ ಕೊಡಲಿಲ್ಲ. 1924ರ ಮಾರ್ಚ್‌ನಲ್ಲಿ, 33ನೇ ವಯಸ್ಸಿಗೆ ತೀರಿಕೊಂಡರು. ಮಣ್ಣು ಮಾಡುವ ಖರ್ಚು ಕೊಡುವುದಕ್ಕೂ ಕಂಪನಿ ಒಪ್ಪಲಿಲ್ಲ, ಗೋರಿಯ ಮೇಲೆ ಹೆಸರಿನ ಕಲ್ಲೂ ಇರಲಿಲ್ಲ. ಅವರ ಶ್ವಾಸಕೋಶವನ್ನು ಪರೀಕ್ಷಿಸಿದ ಡಾ. ಕುಕ್ ಅದೇ ವರ್ಷ ವೈದ್ಯಪತ್ರಿಕೆಯಲ್ಲಿ ವಿಷಯ ಪ್ರಕಟಿಸಿದರು. 1927ರಲ್ಲಿ ಆ ರೋಗಕ್ಕೆ ಆಸ್ಬೆಸ್ಟೋಸಿಸ್ ಅನ್ನುವ ಹೆಸರು ಬಂತು. ಹೆಸರು ಬಂದ ಮೇಲೆ ಬ್ರಿಟಿಷ್ ಸರ್ಕಾರ ತನಿಖೆಗೆ ಇಳಿಯಿತು. ಮೆರಿವೆದರ್ ಮತ್ತು ಪ್ರೈಸ್ 363 ಕೆಲಸಗಾರರನ್ನು ಪರೀಕ್ಷಿಸಿ 1930ರಲ್ಲಿ ಕೊಟ್ಟ ವರದಿ ಪ್ರಕಾರ 95 ಜನರ ಶ್ವಾಸಕೋಶದಲ್ಲಿ ಕಲೆ ಕಟ್ಟಿತ್ತು. 20 ವರ್ಷ ಕೆಲಸ ದಾಟಿದವರಲ್ಲಿ ಐವರಿಗೆ ನಾಲ್ವರ ಗತಿ ಅದೇ. 1931ರಲ್ಲಿ ಧೂಳು ತಡೆಯುವ ಕಾನೂನೂ ಬಂತು.

ಇನ್ನು ಭಾರತ. ನಮ್ಮಲ್ಲಿ ಕಲ್ನಾರು ಸಿಮೆಂಟಿನ ಕಾರ್ಖಾನೆ ಶುರುವಾದದ್ದು 1934ರಲ್ಲಿ, ಈಗಿನ ಮಧ್ಯಪ್ರದೇಶದ ಕೈಮೋರ್‌ನಲ್ಲಿ. ನಮ್ಮನ್ನು ಆಳುತ್ತಿದ್ದವರ ಊರಿನಲ್ಲಿ ಕಾನೂನು ಬಂದು ಆಗಲೇ ಮೂರು ವರ್ಷವಾಗಿತ್ತು. ಅಂದರೆ ನಮ್ಮ ಮೊದಲ ಶೀಟು ಹೊರಬರುವ ಮುಂಚೆಯೇ ರೋಗದ ಹೆಸರು, ಕಾರಣ, ಲೆಕ್ಕ ಎಲ್ಲವೂ ಅಚ್ಚಾಗಿದ್ದವು.

ನಿಮ್ಮ ತಂದೆಯವರ ಕೆಲಸಕ್ಕೆ ನೇರವಾಗಿ ಸೇರುವ ಒಂದು ಕಾಗದವಿದೆ. 1935ರಲ್ಲಿ ಅಮೆರಿಕದ ರೇಬೆಸ್ಟಾಸ್ ಕಂಪನಿಯ ಅಧ್ಯಕ್ಷ ಸಮ್ನರ್ ಸಿಂಪ್ಸನ್, ಕಲ್ನಾರಿನ ಸಾಮಾನು ಮಾಡುತ್ತಿದ್ದ ಜಾನ್ಸ್-ಮ್ಯಾನ್ವಿಲ್ ಕಂಪನಿಯ ವಕೀಲರಿಗೆ ಪತ್ರ ಬರೆದ. ಕಲ್ನಾರಿನ ವಿಷಯ ಎಷ್ಟು ಕಡಿಮೆ ಮಾತಾಡಿದರೆ ನಮಗೆ ಅಷ್ಟು ಒಳ್ಳೆಯದು ಅನ್ನುವುದು ಆ ಪತ್ರದ ತಿರುಳು. ರೇಬೆಸ್ಟಾಸ್ ಮಾಡುತ್ತಿದ್ದದ್ದು ಕಲ್ನಾರಿನ ಬ್ರೇಕ್ ಲೈನರ್. ಆ ಪತ್ರಗಳು ಹೊರಬಿದ್ದದ್ದು ನಾಲ್ಕು ದಶಕ ಕಳೆದ ಮೇಲೆ, ಕಾರ್ಮಿಕರ ಮೊಕದ್ದಮೆಗಳಲ್ಲಿ. ಜಾನ್ಸ್-ಮ್ಯಾನ್ವಿಲ್ 1982ರಲ್ಲಿ ದಿವಾಳಿ ಅರ್ಜಿ ಹಾಕಿತು. ಇದನ್ನು ಓದುವಾಗಲೆಲ್ಲ ನನಗೆ ಸಂಕಟವಾಗುತ್ತದೆ. ನಿಮ್ಮ ತಂದೆ ಮೊದಲ ಲೈನರ್ ಕೈಗೆತ್ತಿಕೊಳ್ಳುವ ಹೊತ್ತಿಗೆ ಇದನ್ನೆಲ್ಲ ಬಲ್ಲವರು ಬೇಕಾದಷ್ಟು ಜನ ಇದ್ದರು. ಗೊತ್ತಿಲ್ಲದೆ ಇದ್ದವರು ಲೈನರ್ ಹೊಡೆಯುವವರು ಮಾತ್ರ.

ಇವತ್ತು ಧೂಳು ಕುಡಿದವನು ನಾಳೆ ಕೆಮ್ಮಿದ್ದರೆ ಈ ವ್ಯಾಪಾರ ಹತ್ತು ವರ್ಷವೂ ನಡೆಯುತ್ತಿರಲಿಲ್ಲ. 30 ವರ್ಷ ಬಿಟ್ಟು ಕೆಮ್ಮು ಬರುವಾಗ ಆ ಅಂಗಡಿ ಇರುವುದಿಲ್ಲ, ಮಾಲೀಕರು ಇರುವುದಿಲ್ಲ, ಹಾಜರಿ ಪುಸ್ತಕವಂತೂ ಮೊದಲೇ ಇರಲಿಲ್ಲ. ಡಾಕ್ಟರು ಈಗೇನು ಕೆಲಸ ಅಂತ ಕೇಳುತ್ತಾರೆ. ರಿಟೈರ್ ಆಗಿದ್ದೀನಿ ಅಂತ ಉತ್ತರ. ಅಲ್ಲಿಗೆ ಸುಳಿವು ತಪ್ಪಿಹೋಗುತ್ತದೆ.

1955ರಲ್ಲಿ ಇಂಗ್ಲೆಂಡಿನ ರಿಚರ್ಡ್ ಡಾಲ್ ಕಲ್ನಾರಿಗೂ ಶ್ವಾಸಕೋಶದ ಕ್ಯಾನ್ಸರಿಗೂ ಇರುವ ನಂಟನ್ನು ಲೆಕ್ಕ ಹಾಕಿ ತೋರಿಸಿದರು. 1960ರಲ್ಲಿ ದಕ್ಷಿಣ ಆಫ್ರಿಕಾದ ವ್ಯಾಗ್ನರ್ ಮತ್ತು ಸಂಗಡಿಗರು ಮೀಸೋಥೀಲಿಯೋಮದ 33 ರೋಗಿಗಳ ವಿವರ ಪ್ರಕಟಿಸಿದರು. ಹೆಚ್ಚಿನವರೆಲ್ಲ ನೀಲಿ ಕಲ್ನಾರಿನ ಗಣಿಗಳಿರುವ ಸೀಮೆಯ ನಂಟುಳ್ಳವರು. ಗಣಿಗೆ ಎಂದೂ ಇಳಿಯದ ಗೃಹಿಣಿಯರು, ಚಿಕ್ಕಂದಿನಲ್ಲಿ ಗಣಿಯ ಪುಡಿಗುಡ್ಡೆಗಳ ಪಕ್ಕ ಬೆಳೆದವರು ಅದರಲ್ಲಿದ್ದರು. 1965ರಲ್ಲಿ ಲಂಡನ್ನಿನ ನ್ಯೂಹೌಸ್ ಮತ್ತು ಥಾಂಪ್ಸನ್ ಕಂಡದ್ದು ನನಗೆ ಎಲ್ಲಕ್ಕಿಂತ ಮನಸ್ಸಿಗೆ ನಾಟಿದ ವಿಷಯ. ಅವರ ರೋಗಿಗಳಲ್ಲಿ ಕೆಲವರು ಕಾರ್ಖಾನೆಗೆ ಕಾಲಿಟ್ಟವರೇ ಅಲ್ಲ. ಮನೆಯವರು ಮೈಮೇಲೆ ಧೂಳು ಹೊತ್ತು ಬರುತ್ತಿದ್ದರು, ಆ ಬಟ್ಟೆ ಒಗೆಯುವುದು ಇವರ ಕೆಲಸವಾಗಿತ್ತು. ಇನ್ನು ಕೆಲವರು ಕಾರ್ಖಾನೆಯಿಂದ ಅರ್ಧ ಮೈಲಿಯೊಳಗೆ ವಾಸವಿದ್ದವರು, ಅಷ್ಟೇ.

ಹಾಗಾದರೆ ಈಗಲೂ ಯಾಕೆ ಮಾರುತ್ತಾರೆ? ಬ್ರಿಟನ್ 1999ರಲ್ಲಿ, ಯುರೋಪ್ ಒಕ್ಕೂಟ 2005ರಲ್ಲಿ, ಪಕ್ಕದ ನೇಪಾಳ 2015ರಲ್ಲಿ, ಬ್ರೆಜಿಲ್ ತನ್ನ ಸರ್ವೋಚ್ಚ ನ್ಯಾಯಾಲಯದ ತೀರ್ಪಿನಿಂದ 2017ರಲ್ಲಿ ನಿಷೇಧಿಸಿದವು. ಕೆನಡಾ 2011ರವರೆಗೂ ಕ್ವಿಬೆಕ್ ಗಣಿಗಳಿಂದ ನಮಗೆ ಕಲ್ನಾರು ಕಳಿಸುತ್ತಿತ್ತು, ಅದೇ ಕಾಲದಲ್ಲಿ ತನ್ನ ಸಂಸತ್ ಕಟ್ಟಡಗಳಿಂದ ಕಲ್ನಾರು ತೆಗೆಸುತ್ತಲೂ ಇತ್ತು. 2018ರಲ್ಲಿ ಅಲ್ಲೂ ನಿಷೇಧವಾಯಿತು. ಆಸ್ಬೆಸ್ಟಾಸ್ ಅಂತಲೇ ಹೆಸರಿದ್ದ ಆ ಸೀಮೆಯ ಊರು 2020ರಲ್ಲಿ ತನ್ನ ಹೆಸರನ್ನೇ ಬದಲಿಸಿಕೊಂಡಿತು. ಅಮೆರಿಕ 1989ರಲ್ಲಿ ತಂದ ನಿಷೇಧದ ಬಹುಭಾಗವನ್ನು 1991ರಲ್ಲಿ ನ್ಯಾಯಾಲಯ ರದ್ದುಮಾಡಿತು. ಬಿಳಿ ಕಲ್ನಾರಿನ ಮೇಲೆ ಅಲ್ಲಿ ಮತ್ತೆ ನಿಷೇಧದ ಆದೇಶ ಬಂದದ್ದು 2024ರಲ್ಲಿ. ಭಾರತದ್ದು ಬೇರೆಯೇ ದಾರಿ. 1986ರಿಂದ ಹೊಸ ಗಣಿ ಗುತ್ತಿಗೆ ಕೊಡುವುದನ್ನೂ 1993ರಿಂದ ಹಳೆಯದನ್ನು ನವೀಕರಿಸುವುದನ್ನೂ ನಿಲ್ಲಿಸಿದೆವು. ಆದರೆ ರಷ್ಯಾ, ಕಝಾಕ್‌ಸ್ತಾನದಂಥ ಕಡೆಯಿಂದ ತರಿಸುವುದನ್ನು ನಿಲ್ಲಿಸಲಿಲ್ಲ. ವರ್ಷಕ್ಕೆ ಸುಮಾರು 3 ಲಕ್ಷ ಟನ್ ದಾಟಿ ತರಿಸಿದ ವರ್ಷಗಳಿವೆ. ಜಗತ್ತಿನಲ್ಲಿ ಅತಿ ಹೆಚ್ಚು ಕಲ್ನಾರು ಆಮದು ಮಾಡಿಕೊಳ್ಳುವ ದೇಶ ನಮ್ಮದೇ. ತನ್ನ ನೆಲದಲ್ಲಿ ಅಗೆಯಬಾರದ ವಸ್ತುವನ್ನು ಹಡಗಿನಲ್ಲಿ ತರಿಸುವುದಕ್ಕೆ ಯಾವ ನ್ಯಾಯವೂ ನನಗೆ ಕಾಣುವುದಿಲ್ಲ.

ಉದ್ಯಮದವರ ವಾದವನ್ನೂ ಹೇಳಬೇಕು. ಬಿಳಿ ಎಳೆ ನೀಲಿ, ಕಂದಿನಷ್ಟು ಕಾಲ ಶ್ವಾಸಕೋಶದಲ್ಲಿ ಉಳಿಯುವುದಿಲ್ಲ ಅನ್ನುತ್ತಾರೆ, ಅದು ನಿಜ. ಸಿಮೆಂಟಿನಲ್ಲಿ ಬಿಗಿಯಾಗಿ ಕಟ್ಟಿಕೊಂಡಿರುತ್ತದೆ ಅನ್ನುತ್ತಾರೆ, ಶೀಟು ಗಟ್ಟಿಯಾಗಿರುವ ತನಕ ಅದೂ ನಿಜ. ಕಾರ್ಖಾನೆಯ ಒಳಗೆ ಒದ್ದೆ ಮಾಡಿ, ಯಂತ್ರದಿಂದ ಚೀಲ ಬಿಚ್ಚಿ ಧೂಳು ಹಿಡಿಯಬಹುದು ಅನ್ನುವುದನ್ನೂ ಒಪ್ಪೋಣ. ಆದರೆ ಶೀಟಿನ ಆಯುಷ್ಯ ಕಾರ್ಖಾನೆಯ ಗೇಟಿಗೆ ಮುಗಿಯುವುದಿಲ್ಲ. ಅದು ಲಗ್ಗೆರೆಯ ತಾರಸಿಗೆ, ಪೀಣ್ಯದ ಶೆಡ್ಡಿಗೆ, ವರ್ತೂರಿನ ಆಚೆಯ ಕಾರ್ಮಿಕರ ಸಾಲುಮನೆಗೆ ಹೋಗುತ್ತದೆ. ಪೈಪು ಹಾಯಲು ತೂತು ಬೇಕಾದರೆ ಡ್ರಿಲ್ ಬರುತ್ತದೆ, ಪಾಚಿ ತೆಗೆಯಲು ತಂತಿ ಬ್ರಷ್ ಬರುತ್ತದೆ, ಕೊನೆಗೆ ನಿಮ್ಮ ಮೇಸ್ತ್ರಿಯ ಕಟರ್ ಬರುತ್ತದೆ. ಅಲ್ಲಿ ಧೂಳು ಅಳೆಯುವವರು ಯಾರೂ ಇಲ್ಲ. ಅಗ್ಗ ಅನ್ನುವುದೂ ನಿಜ. ಬಡವರ ತಲೆಮೇಲೆ ಸೂರು ಕೊಟ್ಟ ವಸ್ತು ಅದು, 1994ರಲ್ಲಿ ಅದನ್ನು ಹಾಕಿಸಿದ್ದಕ್ಕೆ ನೀವು ತಪ್ಪಿತಸ್ಥರ ಹಾಗೆ ಕೊರಗುವ ಕಾರಣವೇ ಇಲ್ಲ. ಆದರೆ ಆ ಅಗ್ಗದ ಬೆಲೆಯಲ್ಲಿ ಆಸ್ಪತ್ರೆಯ ಖರ್ಚು ಸೇರಿಲ್ಲ. ಕೆಲಸದ ಜಾಗದಲ್ಲಿ ಕಲ್ನಾರಿನ ಧೂಳು ಉಸಿರಾಡಿ ಜಗತ್ತಿನಲ್ಲಿ ವರ್ಷಕ್ಕೆ 2 ಲಕ್ಷಕ್ಕೂ ಹೆಚ್ಚು ಜನ ಸಾಯುತ್ತಾರೆ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ.

ನೀವೂ ತಮ್ಮನೂ ಅದರ ಕೆಳಗೆ ಮಲಗಿದ ವಿಷಯ. ಇಷ್ಟು ಎಳೆಯವರೆಗೆ ಏನೂ ಆಗುವುದಿಲ್ಲ ಅನ್ನುವ ಗೆರೆ ಕ್ಯಾನ್ಸರಿನ ಮಟ್ಟಿಗೆ ಯಾರಿಗೂ ಸಿಕ್ಕಿಲ್ಲ. ಆದರೂ ಪ್ರಮಾಣ ಬಹಳ ಮುಖ್ಯ. ಗಟ್ಟಿ ಶೀಟಿನ ಕೆಳಗಿನ ವಾಸಕ್ಕೂ ದಿನಕ್ಕೆಂಟು ಗಂಟೆ ಧೂಳಿನಲ್ಲಿ ದುಡಿಯುವುದಕ್ಕೂ ಅಜಗಜಾಂತರ. ನಿಮಗೆ ಯಾವ ತೊಂದರೆಯೂ ಇಲ್ಲದಿದ್ದರೆ ಸ್ಕ್ಯಾನ್ ಮಾಡಿಸುತ್ತಾ ಓಡಾಡಬೇಡಿ. ಮಳೆನೀರು ಆ ಶೀಟಿನಿಂದ ಸಂಪಿಗೆ ಬೀಳುತ್ತಿತ್ತು ಅನ್ನುವ ಹೆದರಿಕೆ ಇದ್ದರೆ ಅದನ್ನೂ ಇಳಿಸಿಕೊಳ್ಳಿ. ನೀರಿನ ಜೊತೆ ಹೊಟ್ಟೆಗೆ ಹೋದ ಎಳೆ ಕೆಡುಕು ಮಾಡುತ್ತದೆ ಅನ್ನುವುದಕ್ಕೆ ಗಟ್ಟಿ ಪುರಾವೆ ಸಿಕ್ಕಿಲ್ಲ. ಅಪಾಯವೆಲ್ಲ ಉಸಿರಾಡಿದ ಎಳೆಯಲ್ಲಿ.

ಈಗ ಶೀಟು ಇಳಿಸುವ ಬಗೆ. 1994ರ ಸಿಮೆಂಟ್ ಶೀಟು ಅಂದಮೇಲೆ ಕಲ್ನಾರು ಇದ್ದೇ ಇದೆ ಅಂತ ಹಿಡಿದು ಕೆಲಸ ಮಾಡಿಸಿ. ಬಾಡಿಗೆಯವರನ್ನೂ ಮನೆಯ ಮಕ್ಕಳನ್ನೂ ಆ ದಿನ ಬೇರೆ ಕಡೆ ಕಳಿಸಿ. ಪಕ್ಕದ ಮನೆಯವರಿಗೆ ಹೇಳಿ ಕಿಟಕಿ ಹಾಕಿಸಿ, ಒಣಹಾಕಿದ ಬಟ್ಟೆ ತೆಗೆಸಿ. ಬೆಳಿಗ್ಗೆ ಶೀಟಿಗೆ ನೀರು ಚಿಮುಕಿಸಬೇಕು, ಬಕೆಟ್ಟಿಗೆ ಒಂದಿಷ್ಟು ಪಾತ್ರೆ ತೊಳೆಯುವ ಸೋಪಿನ ದ್ರವ ಬೆರೆಸಿದರೆ ನೀರು ಚೆನ್ನಾಗಿ ಹಿಡಿಯುತ್ತದೆ. ಗಿಡಕ್ಕೆ ಔಷಧಿ ಹೊಡೆಯುವ ಪಂಪು ಸಾಕು. ಕಾರು ತೊಳೆಯುವ ಜೋರು ಪಂಪು ಬೇಡವೇ ಬೇಡ, ಅದು ಎಳೆಯನ್ನು ಕಿತ್ತು ಹಾರಿಸುತ್ತದೆ. ಶೀಟನ್ನು ಹಿಡಿದಿರುವ ಜೆ ಆಕಾರದ ಬೋಲ್ಟುಗಳು ತುಕ್ಕು ಹಿಡಿದಿರುತ್ತವೆ. ಹಿಂದಿನ ದಿನವೇ ತುಕ್ಕು ಬಿಡಿಸುವ ಎಣ್ಣೆ ಬಿಟ್ಟು, ಸ್ಪ್ಯಾನರಿನಲ್ಲಿ ತಿರುಗಿಸಿ ನೋಡಲಿ. ಬರದಿದ್ದರೆ ಕೆಳಗಿನಿಂದ ಬೋಲ್ಟನ್ನು ಮಾತ್ರ ಬೋಲ್ಟ್ ಕಟರಿನಲ್ಲಿ ಕತ್ತರಿಸಲಿ. ಸುತ್ತಿಗೆಯಿಂದ ಶೀಟು ಒಡೆದು ಬೋಲ್ಟು ಬಿಡಿಸುವ ಅಭ್ಯಾಸ ನಮ್ಮ ಮೇಸ್ತ್ರಿಗಳಲ್ಲಿ ಬಹಳ ಇದೆ, ಅದಕ್ಕೆ ಅವಕಾಶ ಕೊಡಬೇಡಿ. ಶೀಟು ಇಡಿಯಾಗಿ, ಒದ್ದೆಯಾಗಿ, ಕೈಯಿಂದ ಕೈಗೆ ಇಳಿಯಬೇಕು. ಎಸೆಯಬಾರದು. ಇನ್ನೊಂದು ಮಾತು, ಇದಕ್ಕೆ 30 ವರ್ಷ ಕಾಯಬೇಕಿಲ್ಲ. ಹಳೆಯ ಶೀಟಿನ ಮೇಲೆ ಕಾಲಿಟ್ಟರೆ ಅದು ಮುರಿದು ಮನುಷ್ಯ ನೇರ ಕೆಳಗೆ ಬೀಳುತ್ತಾನೆ. ಹಾಗೆ ಬಿದ್ದು ಪ್ರಾಣ ಬಿಟ್ಟ ಕೆಲಸದವರು ಬಹಳ ಜನ. ಸಾಧ್ಯವಾದಷ್ಟು ಕೆಳಗೆ ಸಾರ್ವೆ ಕಟ್ಟಿ ಕೆಲಸ ಮಾಡಲಿ. ಮೇಲೆ ಹತ್ತಲೇಬೇಕಾದರೆ ಹಲಗೆ ಹಾಸಿ, ಸೊಂಟಕ್ಕೆ ಸುರಕ್ಷತಾ ಬೆಲ್ಟು ಬಿಗಿದೇ ಹತ್ತಬೇಕು.

ಮುಖಕ್ಕೆ ಟವೆಲ್ ಸುತ್ತಿದರೆ ಅಥವಾ ಬಟ್ಟೆ ಮಾಸ್ಕ್ ಹಾಕಿದರೆ ಈ ಎಳೆಗೆ ತಡೆಯಾಗುವುದಿಲ್ಲ. ಅತಿ ಸಣ್ಣ ಧೂಳನ್ನೂ ತಡೆಯುವ ಪಿ100 ಫಿಲ್ಟರಿನ, ಮೂಗು ಬಾಯಿ ಮುಚ್ಚುವ ರಬ್ಬರ್ ಮಾಸ್ಕ್ ಸೇಫ್ಟಿ ಸಾಮಾನಿನ ಅಂಗಡಿಗಳಲ್ಲಿ ಸಿಗುತ್ತದೆ. ಕೆಲಸದವರಿಗೆಲ್ಲ ಅದನ್ನು ನೀವೇ ತಂದುಕೊಡಿ. ಗಡ್ಡ ಇದ್ದರೆ ಅದು ಬಿಗಿಯಾಗಿ ಕೂರುವುದಿಲ್ಲ ಅನ್ನುವುದೂ ನೆನಪಿರಲಿ. ಮೈಪೂರ್ತಿ ಮುಚ್ಚುವ, ಬಳಸಿ ಬಿಸಾಡುವ ಕವರಾಲ್ ಇರಲಿ. ಕೆಲಸ ಮುಗಿದ ಮೇಲೆ ಒಣ ಪೊರಕೆ ಹಿಡಿಯಬಾರದು, ಒದ್ದೆ ಬಟ್ಟೆಯಲ್ಲಿ ಒರೆಸಿ ಆ ಬಟ್ಟೆಯನ್ನೂ ಶೀಟಿನ ಜೊತೆಗೇ ಕಟ್ಟಬೇಕು. ಇದೆಲ್ಲಕ್ಕೆ ಒಂದರ ಬದಲು ಮೂರು ದಿನ ಹಿಡಿಯುತ್ತದೆ. ಆ ಎರಡು ದಿನದ ಕೂಲಿ ನೀವು ಕೊಡಲೇಬೇಕು ಅಂತ ನಾನು ಕೇಳಿಕೊಳ್ಳುತ್ತೇನೆ.

ಇಳಿಸಿದ್ದನ್ನು ಎಲ್ಲಿಗೆ ಹಾಕುವುದು ಅನ್ನುವುದು ಕಷ್ಟದ ಪ್ರಶ್ನೆ. ಮೇಸ್ತ್ರಿ ಹೇಳಿದ ಗುಂಡಿ ಬೇಡ, ನಾಳೆ ನಲ್ಲಿ ಪೈಪಿಗೋ ಕೇಬಲ್‌ಗೋ ಅದೇ ಜಾಗ ಅಗೆಯುತ್ತಾರೆ. ಗುಜರಿಗೆ ಕೊಟ್ಟರೆ ಚೆನ್ನಾಗಿರುವ ಶೀಟು ಇನ್ನೊಬ್ಬ ಬಡವನ ಗುಡಿಸಲಿಗೆ ಹೋಗುತ್ತದೆ, ಅಲ್ಲಿ ಅದನ್ನು ಮತ್ತೆ ಕೊಯ್ಯುತ್ತಾರೆ. ಕಟ್ಟಡದ ಒಡಕಲಿನ ಜೊತೆ ಸೇರಿಸಿದರೆ ಒಡಕಲು ಅರೆಯುವ ಯಂತ್ರವೇ ಅದನ್ನು ಧೂಳು ಮಾಡುತ್ತದೆ. ದಪ್ಪ ಪ್ಲಾಸ್ಟಿಕ್ ಹಾಳೆಯಲ್ಲಿ ಎರಡು ಸುತ್ತು ಸುತ್ತಿ, ಟೇಪು ಹಾಕಿ, ಮೇಲೆ "ಆಸ್ಬೆಸ್ಟಾಸ್ ಇದೆ, ಒಡೆಯಬೇಡಿ" ಎಂದು ದೊಡ್ಡದಾಗಿ ಬರೆಯಿಸಿ. ಚರ್ಚ್ ಸ್ಟ್ರೀಟಿನ ಪರಿಸರ ಭವನದಲ್ಲಿರುವ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಗೆ ಲಿಖಿತವಾಗಿ ಕೇಳಿ. ದಾಬಸ್‌ಪೇಟೆಯಲ್ಲಿ ಅಪಾಯಕಾರಿ ತ್ಯಾಜ್ಯವನ್ನು ಹೂಳುವ ಘಟಕ ಇದೆ, ಅಲ್ಲಿಗೆ ಕಳಿಸುವ ದಾರಿ ತೋರಿಸಿ ಅಂತ ಅರ್ಜಿ ಕೊಡಿ. ಉತ್ತರ ಬರುವ ತನಕ ಆ ಕಟ್ಟನ್ನು ಮನೆಯ ಮೂಲೆಯಲ್ಲಿ, ಯಾರೂ ತುಳಿಯದ ಜಾಗದಲ್ಲಿ ಇಟ್ಟುಕೊಳ್ಳುವುದೇ ಲೇಸು.

ಇನ್ನು ತಂದೆಯವರು. ಹಲವು ವರ್ಷದ ಕೆಳಗೆ ಕಲಾಸಿಪಾಳ್ಯದ ಹತ್ತಿರದ ಒಂದು ಗಲ್ಲಿಗೆ ವಿದ್ಯಾರ್ಥಿಗಳನ್ನು ಕರೆದುಕೊಂಡು ಹೋಗಿದ್ದೆ. ಲಾರಿಯ ಬ್ರೇಕ್ ಶೂ ಬಿಚ್ಚಿ, ಉಳಿಯಿಂದ ಹಳೆಯ ಲೈನರ್ ಎಬ್ಬಿಸಿ, ಹೊಸದಕ್ಕೆ ತೂತು ಕೊರೆದು ರಿವೆಟ್ ಹೊಡೆಯುತ್ತಿದ್ದರು. ಕೊನೆಗೆ ಅಂಚು ಡ್ರಮ್ಮಿಗೆ ಕೂರುವ ಹಾಗೆ ಗ್ರೈಂಡರಿಗೆ ಹಿಡಿದಾಗ ಕಂದು ಧೂಳು ಏಳುತ್ತಿತ್ತು. ಗ್ರೈಂಡರಿಗೆ ಹಿಡಿಯುತ್ತಿದ್ದ ಹುಡುಗ ಹದಿನೆಂಟು ದಾಟಿರಲಿಲ್ಲ, ಹುಬ್ಬು ರೆಪ್ಪೆ ಎಲ್ಲ ಧೂಳು ಕಟ್ಟಿಕೊಂಡಿತ್ತು. ಡ್ರಮ್ಮನ್ನು ಕಂಪ್ರೆಸರ್ ಗಾಳಿಯಲ್ಲಿ ಊದಿ, ಅದೇ ಗಾಳಿಯಲ್ಲಿ ತನ್ನ ಅಂಗಿಯನ್ನೂ ಊದಿಕೊಂಡ. ಸಂಜೆ ಒಂದು ತುಂಡು ಬೆಲ್ಲ ಬಾಯಿಗೆ ಹಾಕಿಕೊಂಡು, "ಧೂಳು ಕೆಳಗೆ ಇಳಿದುಹೋಗುತ್ತೆ" ಅಂದ. ಬೆಲ್ಲ ಹೊಟ್ಟೆಗೆ ಹೋಗುತ್ತದೆ, ಧೂಳು ಕೂತಿರುವುದು ಶ್ವಾಸಕೋಶದಲ್ಲಿ. ಹಳೆಯ ಲೈನರುಗಳಲ್ಲಿ ಅರ್ಧದಷ್ಟು ಕಲ್ನಾರು ಇರುವುದು ಸಾಮಾನ್ಯವಾಗಿತ್ತು. ಸವೆದ ಲೈನರಿನ ಪುಡಿಯಲ್ಲಿ ಬಹುಪಾಲು ಎಳೆ ಬ್ರೇಕಿನ ಬಿಸಿಗೆ ರೂಪ ಕೆಟ್ಟಿರುತ್ತದೆ. ಹೊಸದನ್ನು ಕೊರೆಯುವಾಗ, ಉಜ್ಜುವಾಗ ಏಳುವುದೇ ಹೆಚ್ಚು ಕೆಟ್ಟದ್ದು.

ಹಾಗಂತ ನಿಮ್ಮ ತಂದೆಗೆ ಆಸ್ಬೆಸ್ಟೋಸಿಸ್ಸೇ ಬಂದಿದೆ ಅಂತ ಇಲ್ಲಿ ಕೂತು ಹೇಳಲಾರೆ. 71ರ ವಯಸ್ಸಿನಲ್ಲಿ ಏದುಸಿರಿಗೆ ಹೃದಯ ಕಾರಣವಿರಬಹುದು, ಬೀಡಿ ಸಿಗರೇಟು ಕಾರಣವಿರಬಹುದು, ರಕ್ತ ಕಡಿಮೆಯಿರಬಹುದು. ಆದರೆ ಒಣಕೆಮ್ಮು, ಹತ್ತುವಾಗ ಏದುಸಿರು, ಟಿಬಿ ಮಾತ್ರೆಗೆ ಜಗ್ಗದ ಕಾಯಿಲೆ, ಜೊತೆಗೆ 22 ವರ್ಷದ ಲೈನರ್ ಧೂಳು, ಇಷ್ಟು ಸೇರಿದಾಗ ಹುಡುಕದೆ ಬಿಡುವುದು ತಪ್ಪು. ನಮ್ಮ ಊರಿನಲ್ಲಿ ಟಿಬಿ ಹೆಚ್ಚು. ಹಾಗಾಗಿ ಶ್ವಾಸಕೋಶದಲ್ಲಿ ಯಾವ ಕಲೆ ಕಂಡರೂ ಮೊದಲು ಆ ಕಡೆಗೇ ಯೋಚನೆ ಓಡುತ್ತದೆ. ನಿಮ್ಹಾನ್ಸ್ ಬಳಿಯ ರಾಜೀವ್ ಗಾಂಧಿ ಎದೆರೋಗಗಳ ಸಂಸ್ಥೆಯಲ್ಲಾಗಲಿ, ನಿಮಗೆ ನಂಬಿಕೆಯಿರುವ ಶ್ವಾಸಕೋಶ ತಜ್ಞರಲ್ಲಾಗಲಿ ತೋರಿಸಿ. ಬೆನ್ನಿನ ಕೆಳಭಾಗಕ್ಕೆ ಸ್ಟೆತಾಸ್ಕೋಪ್ ಇಟ್ಟು ಉಸಿರೆಳೆಯಿರಿ ಅನ್ನುತ್ತಾರೆ. ಕಿವಿಯ ಪಕ್ಕದ ಕೂದಲನ್ನು ಎರಡು ಬೆರಳಲ್ಲಿ ಉಜ್ಜಿ ನೋಡಿ, ಅಂಥ ಚರಪರ ಸದ್ದು ಅಲ್ಲಿ ಕೇಳಿಸಿದರೆ ಅದು ದೊಡ್ಡ ಸುಳಿವು. ಬೆರಳ ತುದಿ ಉಬ್ಬಿದೆಯೇ ಅಂತ ನೋಡುತ್ತಾರೆ. ಉಸಿರಿನ ಪರೀಕ್ಷೆ ಮತ್ತು ತೆಳು ಪದರಗಳ ಸಿಟಿ ಸ್ಕ್ಯಾನ್ ಬೇಕಾಗುತ್ತದೆ. ಶ್ವಾಸಕೋಶದ ಹೊರಪೊರೆಯಲ್ಲಿ ಸುಣ್ಣಗಟ್ಟಿದ ತೇಪೆಗಳು ಕಂಡರೆ ಕಲ್ನಾರು ಒಳಹೊಕ್ಕ ಗುರುತು ಅದು.

ಒಳಗೆ ಕೂತ ಎಳೆಯನ್ನು ಹೊರತೆಗೆಯುವ ಔಷಧಿ ಇಲ್ಲ. ತೆಗೆಯುತ್ತೇವೆ ಅಂತ ಯಾರಾದರೂ ಹೇಳಿದರೆ ದುಡ್ಡು ಕೊಡಬೇಡಿ. ಮಾಡಬಹುದಾದದ್ದು ಬೇಕಾದಷ್ಟಿದೆ: ಉಸಿರಾಟದ ವ್ಯಾಯಾಮ, ಫ್ಲೂ ಮತ್ತು ನ್ಯುಮೋನಿಯಾ ಲಸಿಕೆ, ಬೇಕಾದಾಗ ಆಕ್ಸಿಜನ್. ತಂದೆಯವರು ಸೇದುತ್ತಿದ್ದರೆ ಇಂದೇ ಬಿಡಿಸಿ. ಅಮೆರಿಕದಲ್ಲಿ ಶಾಖ ತಡೆಯುವ ಹೊದಿಕೆ (ಇನ್ಸುಲೇಶನ್) ಹಾಕುವ ಕೆಲಸಗಾರರ ಮೇಲೆ ನಡೆದ, 1979ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಸೇದದವರಿಗೆ ಕಲ್ನಾರೊಂದರಿಂದಲೇ ಶ್ವಾಸಕೋಶದ ಕ್ಯಾನ್ಸರಿನ ಸಾವು ಸುಮಾರು 5 ಪಟ್ಟು ಹೆಚ್ಚಿತ್ತು, ಸಿಗರೇಟೊಂದರಿಂದ ಸುಮಾರು 11 ಪಟ್ಟು, ಎರಡೂ ಸೇರಿದವರಲ್ಲಿ 50 ಪಟ್ಟು ದಾಟಿತ್ತು.

ಪರಿಹಾರದ ದಾರಿಯೂ ಇದೆ, ಕಡಿದಾದ ದಾರಿ. ಆಸ್ಬೆಸ್ಟೋಸಿಸ್ ಮತ್ತು ಕಲ್ನಾರಿನಿಂದ ಬರುವ ಕ್ಯಾನ್ಸರುಗಳು ಕಾರ್ಮಿಕರ ಪರಿಹಾರ ಕಾನೂನಿನ ಔದ್ಯೋಗಿಕ ರೋಗಗಳ ಪಟ್ಟಿಯಲ್ಲಿವೆ. 1995ರ ಜನವರಿಯಲ್ಲಿ ಸುಪ್ರೀಂ ಕೋರ್ಟ್, ಅಹಮದಾಬಾದಿನ ಗ್ರಾಹಕ ಸಂಸ್ಥೆಯೊಂದು ಹಾಕಿದ ಅರ್ಜಿಯ ಮೇಲೆ, ಕಾರ್ಮಿಕನ ಆರೋಗ್ಯ ಅವನ ಬದುಕುವ ಹಕ್ಕಿನ ಭಾಗ ಎಂದು ತೀರ್ಪು ಕೊಟ್ಟಿತು. ಕಲ್ನಾರು ಕಾರ್ಮಿಕರ ಆರೋಗ್ಯ ದಾಖಲೆಯನ್ನು ಕೆಲಸಕ್ಕೆ ಸೇರಿದಂದಿನಿಂದ 40 ವರ್ಷ ಅಥವಾ ಕೆಲಸ ಬಿಟ್ಟ ಮೇಲೆ 15 ವರ್ಷ, ಯಾವುದು ತಡವೋ ಅಲ್ಲಿಯವರೆಗೆ ಇಡಬೇಕೆಂದು ಆದೇಶಿಸಿತು. ಧೂಳಿಗೂ ಕಾಯಿಲೆಗೂ ನಡುವಿನ ಆ ದೊಡ್ಡ ಅಂತರವನ್ನು ನ್ಯಾಯಾಲಯ ಸರಿಯಾಗಿಯೇ ಗ್ರಹಿಸಿತು. ಆದರೆ ಆರು ಜನ ಕೆಲಸ ಮಾಡುವ ಲೈನರ್ ಅಂಗಡಿಯಲ್ಲಿ ಅಂಥ ದಾಖಲೆ ಇಟ್ಟವರು ಯಾರು?

ಆದ್ದರಿಂದ ಆ ದಾಖಲೆಯನ್ನು ನೀವೇ ಮಾಡಿ. ಈ ಭಾನುವಾರ ತಂದೆಯವರ ಪಕ್ಕ ಕೂತು ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಯಾವ ಇಸವಿಯಿಂದ ಯಾವ ಇಸವಿಯವರೆಗೆ, ಯಾವ ಅಂಗಡಿ, ಯಾವ ರಸ್ತೆ, ದಿನಕ್ಕೆ ಎಷ್ಟು ಜೊತೆ ಶೂ, ಗ್ರೈಂಡರಿಗೆ ಹಿಡಿಯುತ್ತಿದ್ದವರು ಯಾರು, ಜೊತೆಯಲ್ಲಿದ್ದವರಲ್ಲಿ ಈಗ ಯಾರಿದ್ದಾರೆ, ಇಲ್ಲದವರು ಏನಾಗಿ ಹೋದರು. ಅವರಿಗೆ ನೆನಪಿರುವಾಗಲೇ ಬರೆದು, ಸಹಿ ಹಾಕಿಸಿ, ಆಸ್ಪತ್ರೆಗೆ ಹೋಗುವಾಗ ಹಳೆಯ ಎಕ್ಸ್‌ರೇಗಳ ಜೊತೆ ಒಯ್ಯಿರಿ. ಔದ್ಯೋಗಿಕ ಆರೋಗ್ಯದ ರಾಷ್ಟ್ರೀಯ ಸಂಸ್ಥೆಯ ದಕ್ಷಿಣದ ಕೇಂದ್ರ ದೇವನಹಳ್ಳಿ ಕಡೆಯ ಕನ್ನಮಂಗಲದಲ್ಲಿದೆ. ಅದು ಚಿಕಿತ್ಸೆಯ ಆಸ್ಪತ್ರೆಯಲ್ಲ, ಸಂಶೋಧನೆಯ ಜಾಗ. ಅಂಥ ಹಾಳೆಯ ಬೆಲೆ ಗೊತ್ತಿರುವವರು ಅಲ್ಲಿದ್ದಾರೆ, ಒಂದು ಪ್ರತಿ ಅವರಿಗೂ ಕಳಿಸಿ.

ಪತ್ರದಲ್ಲಿ ನೀವು ತಾಯಿಯವರ ವಿಷಯ ಬರೆದಿಲ್ಲ. ಅವರು ಇದ್ದರೆ, ಆ 22 ವರ್ಷ ತಂದೆಯವರ ಅಂಗಿಯನ್ನು ಕೊಡವಿ ಒಗೆದವರು ಅವರೇ ಆಗಿದ್ದರೆ, ಹಾಳೆಯಲ್ಲಿ ಅವರ ಹೆಸರನ್ನೂ ಬರೆಯಿರಿ. ಡಾಕ್ಟರ ಬಳಿ ಹೋಗುವಾಗ ಅವರನ್ನೂ ಕರೆದುಕೊಂಡು ಹೋಗಿ.